ಕೆಂಪು ಅರಿವಿ ಕಟ್ಟದ ಮನೆ

ನಮ್ಮೂರಿನಲ್ಲಿ ಬೆಕ್ಕು ಉಂಡ ಮೇಲೆಯೇ ಮನುಷ್ಯರಿಗೆ ನಿದ್ದೆ. ಊಟ ಮಾಡಿದವರು ತಾಟಿನಲ್ಲಿ ಕಡೆಯ ತುತ್ತನ್ನು ಬಿಡಬೇಕು, ಬೆಕ್ಕು ಬಂದು ಅದನ್ನು ತಿನ್ನಬೇಕು, ಆಮೇಲೆ ತಲೆ ದಿಂಬಿಗೆ ತಾಗಿದರೆ ಸಾಕು, ಕಣ್ಣು ತಾನಾಗಿ ಮುಚ್ಚುತ್ತದೆ. ಬೆಕ್ಕು ಮುಟ್ಟದೆ ಹೋಯಿತೋ, ಹೊರಳಾಡುವುದೊಂದೇ ಬಾಕಿ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಮದುವೆಯಾಗಿ ಬಂದ ಸೊಸೆಯಂದಿರು ಮೊದಲನೆಯ ದಿನ ನಕ್ಕು, ನಾಲ್ಕನೆಯ ದಿನ ಕೆಂಗಣ್ಣು ಮಾಡಿಕೊಂಡು ಹಾಲನ್ನದ ತಾಟು ಹಿಡಿದು ಬೆಕ್ಕಿನ ಹಿಂದೆ ಓಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನೂ ಹಾಗೆ ಓಡಿದವಳೇ.

ನನ್ನ ಹೆಸರು ಚಂಪವ್ವ. ಊರಿನ ಪಶು ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದೇನೆ. ಕಸ ಹೊಡೆಯಲು ಸೇರಿದವಳು, ನೋಡಿ ನೋಡಿ ಸೂಜಿ ಹಾಕುವುದನ್ನು ಕಲಿತೆ. ಬೇರೆ ಕಡೆಯ ಪಶು ಆಸ್ಪತ್ರೆಗೆ ಎಮ್ಮೆ, ಎತ್ತು ಬರುತ್ತವಂತೆ. ನಮ್ಮಲ್ಲಿಗೆ ಬರುವುದು ಬುಟ್ಟಿಯಲ್ಲಿ ಕೂತ ಬೆಕ್ಕುಗಳು, ಹಿಂದೆ ಅಳುಮುಖ ಮಾಡಿಕೊಂಡ ಮನೆಮಂದಿ. ನನ್ನ ಬಾಯಿ ಜೋರು ಎಂದು ಎಲ್ಲರಿಗೂ ಗೊತ್ತು. ಬೆಕ್ಕಿಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಿ ತಂದವರನ್ನು ನಾನು ಬೈಯದೆ ಬಿಟ್ಟಿದ್ದಿಲ್ಲ. ಡಾಕ್ಟರ್ ವಿನೋದಿನಿ ದಕ್ಷಿಣದ ಕಡೆಯವರು, ಮೆತ್ತಗಿನ ಮಾತಿನ ಹೆಂಗಸು. ಅವರು ಹೇಳಬೇಕಾದ ಕಹಿಯನ್ನೆಲ್ಲ ನನ್ನ ಬಾಯಿಂದ ಹೇಳಿಸುತ್ತಿದ್ದರು.

ನಮ್ಮ ಮನೆಗೂ ಇಂದ್ರವ್ವನ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಿನಲ್ಲಿ ಆಗ ಗೋಡೆಯೂ ಇರಲಿಲ್ಲ, ಎರಡೂ ಮನೆಗೆ ಸೇರಿದ ಒಂದು ಕಲ್ಲಿನ ಕಟ್ಟೆ ಇತ್ತು. ನಾನೂ ಇಂದ್ರಿಯೂ ಒಂದೇ ವರ್ಷ ಸೊಸೆಯರಾಗಿ ಬಂದವರು. ಕಟ್ಟೆಯ ಮೇಲೆ ಕೂತು ಕಾಳು ಆರಿಸಿದ್ದು, ಅತ್ತೆಯರನ್ನು ಬೈದದ್ದು, ಮಕ್ಕಳಾಗಲಿಲ್ಲ ಎಂದು ಇಬ್ಬರೂ ಅತ್ತದ್ದು, ಇನ್ನು ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಇಬ್ಬರೂ ಸುಮ್ಮನಾದದ್ದು, ಎಲ್ಲವೂ ಅಲ್ಲೇ. ನಮ್ಮ ಬೆಕ್ಕು ಬೂದಿ, ಅವರ ಬೆಕ್ಕು ಗುಂಡ. ಎರಡೂ ಆ ಕಟ್ಟೆಯ ಮೇಲೆ ಒಂದೇ ಬಟ್ಟಲಲ್ಲಿ ಹಾಲು ಕುಡಿಯುತ್ತಿದ್ದವು.

ಇಂದ್ರಿಯ ಗಂಡ ದುರ್ಗಪ್ಪ ಹೊಳೆಯಲ್ಲಿ ದೋಣಿ ಹಾಕುತ್ತಿದ್ದ. ಅವನ ನಿದ್ದೆಯ ಕಥೆಗಳು ಊರಿನಲ್ಲಿ ಈಗಲೂ ಇವೆ. ಮಧ್ಯಾಹ್ನ ಬಂದು ಉಂಡು ಗುಂಡನ ಮುಂದೆ ತಾಟು ಸರಿಸಿದನೆಂದರೆ, ಬೆಕ್ಕು ನಾಲಿಗೆ ಒರೆಸಿಕೊಳ್ಳುವುದರೊಳಗೆ ಅವನ ಗೊರಕೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. "ಸೂಜಿ ಅಕ್ಕಾ, ನನ್ನ ಗೊರಕಿಗೂ ಒಂದ ಸೂಜಿ ಹಾಕಬೇ," ಎಂದು ನನ್ನನ್ನು ಕಾಡಿಸುತ್ತಿದ್ದ. "ನಿನಗ ಎಮ್ಮಿ ಸೂಜೀನ ಬೇಕಪ್ಪಾ, ನಮ್ಮಲ್ಲಿಲ್ಲ," ಎನ್ನುತ್ತಿದ್ದೆ. ನನ್ನ ಗಂಡ ಈರಣ್ಣ ಚುರಮುರಿ ಭಟ್ಟಿಯಲ್ಲಿ ಕೆಲಸ ಮಾಡುವವನು, ಮಾತು ಕಡಿಮೆ. ನಮ್ಮ ಮನೆಯಲ್ಲಿ ನಗು ಎನ್ನುವುದು ಗೋಡೆಯ ಆಚೆಯಿಂದಲೇ ಬರಬೇಕಿತ್ತು.

ಆ ವರ್ಷ ಬೇಸಿಗೆಯ ಕೊನೆಗೆ ಬೆಕ್ಕುಗಳಿಗೆ ಜ್ವರ ಬಂತು. ಮೊದಲು ಕುಂಬಾರ ಓಣಿಯ ಒಂದು, ಮರುದಿನ ಅದೇ ಓಣಿಯ ಮೂರು. ಮೂಗು ಸೋರುತ್ತಿತ್ತು, ಬಾಯಿ ಹುಣ್ಣಾಗುತ್ತಿತ್ತು, ತಿನ್ನುವುದನ್ನು ಬಿಟ್ಟು ಮೂಲೆ ಸೇರಿ ನಾಲ್ಕೈದು ದಿನದಲ್ಲಿ ಸಾಯುತ್ತಿದ್ದವು. ವೈರಸ್ ಎಂದರು ಡಾಕ್ಟರು. ನಮ್ಮೂರಿನಲ್ಲಿ ಯಾರ ಬೆಕ್ಕು ಸತ್ತರೂ ನೆರೆಯವರು ತಮ್ಮದನ್ನು ಎರವಲು ಕೊಡುವುದು ವಾಡಿಕೆ. ಬೆಕ್ಕು ಆ ಮನೆಯ ತಾಟಿನಲ್ಲಿ ನಾಲ್ಕು ಅಗುಳು ತಿಂದು ಬಂದರೆ ಅವರ ನಿದ್ದೆಗೂ ದಾರಿಯಾಯಿತು. ಕೊಡಲೊಲ್ಲೆ ಎಂದವರ ಮನೆಗೆ ಆಮೇಲೆ ಯಾರೂ ಬೆಂಕಿಕಡ್ಡಿ ಕೇಳಲು ಕೂಡ ಹೋಗುವುದಿಲ್ಲ. ಹಾಗೆ ಒಂದೊಂದು ಬೆಕ್ಕು ಮೂರು ನಾಲ್ಕು ಮನೆಯ ತಾಟು ನೆಕ್ಕಿ ರೋಗವನ್ನು ಓಣಿಯಿಂದ ಓಣಿಗೆ ಹೊತ್ತಿತು. ನಮ್ಮ ಒಳ್ಳೆಯತನವೇ ನಮಗೆ ಮುಳುವಾಯಿತು.

ಡಾಕ್ಟರು ಎಲ್ಲೆಲ್ಲಿಗೋ ಬರೆದು, ಅತ್ತೂ ಕರೆದೂ ಒಂದು ಔಷಧ ತರಿಸಿದರು. ಬರ್ಫು ತುಂಬಿದ ತಣ್ಣನೆಯ ಪೆಟ್ಟಿಗೆಯಲ್ಲಿ ಹೆಬ್ಬೆರಳಿನಷ್ಟು ಸಣ್ಣ ಸಣ್ಣ ಬಾಟಲಿಗಳು ಬಂದವು. ಇಂಟರ್‌ಫೆರಾನ್ ಎಂದು ಅದರ ಹೆಸರು. ಇದು ಕ್ರಿಮಿಯನ್ನು ಹೇಗೆ ಕೊಲ್ಲುತ್ತದೆ ಎಂದು ಕೇಳಿದೆ.

"ಇದು ಯಾರನ್ನೂ ಕೊಲ್ಲಲ್ಲ ಚಂಪವ್ವ," ಎಂದರು ಡಾಕ್ಟರು. "ಮೈಯೊಳಗೆ ಲಕ್ಷಾಂತರ ಜೀವಕೋಶ ಇರುತ್ತಲ್ಲ, ಒಂದೊಂದನ್ನೂ ಒಂದೊಂದು ಮನೆ ಅಂತ ತಿಳ್ಕೊಳ್ಳಿ. ಒಂದು ಮನೆಗೆ ವೈರಸ್ ನುಗ್ಗಿದ್ರೆ, ಆ ಮನೆ ತಾನು ಹಾಳಾಗೋಕೆ ಮುಂಚೆ ಅಕ್ಕಪಕ್ಕದವ್ರಿಗೆ ಸುದ್ದಿ ಕಳಿಸುತ್ತೆ. ನನ್ನ ಮನೆಗೆ ಬಂದಿದೆ, ನೀವು ಬಾಗಿಲು ಭದ್ರ ಮಾಡ್ಕೊಳ್ಳಿ ಅಂತ. ಆ ಸುದ್ದಿ ಒಯ್ಯೋ ಪ್ರೋಟೀನೇ ಇದು. ಇವುಗಳ ಮೈಯಲ್ಲಿ ಹುಟ್ಟೋ ಸುದ್ದಿ ಸಾಲ್ತಾ ಇಲ್ಲ, ಅದಕ್ಕೆ ನಾವು ಹೊರಗಿಂದ ಹಾಕ್ತೀವಿ. ಆದ್ರೆ ಜ್ವರ ಬಂದ ಮೊದಲನೇ ದಿನ, ಎರಡನೇ ದಿನ ಶುರು ಮಾಡ್ಬೇಕು. ಊರೆಲ್ಲ ಹೊತ್ತಿ ಉರಿದ ಮೇಲೆ ಸುದ್ದಿ ಹೇಳಿ ಏನು ಪ್ರಯೋಜನ?"

"ಅಷ್ಟ ಆದ್ರ ನನ್ನನ್ನ ಸೂಜಿಯೊಳಗ ತುಂಬಿ ಹಾಕ್ರಿ," ಎಂದೆ. ಡಾಕ್ಟರು ಆ ತಿಂಗಳಲ್ಲಿ ನಕ್ಕದ್ದು ಅದೊಂದೇ ಸಲ.

ಬೆಕ್ಕೊಂದಕ್ಕೆ ದಿನಕ್ಕೊಂದರಂತೆ ಐದು ಸೂಜಿ. ಔಷಧ ಬಂದದ್ದು ಕಡಿಮೆ, ಬೆಕ್ಕುಗಳು ಹೆಚ್ಚು. ಅದಕ್ಕೇ ಡಾಕ್ಟರು ಕಟ್ಟಳೆ ಮಾಡಿದರು. ಬೆಕ್ಕಿಗೆ ಮೈ ಬೆಚ್ಚಗಾದ ದಿನವೇ ಆಸ್ಪತ್ರೆಗೆ ತಿಳಿಸಬೇಕು, ಗುರುತಿಗೆ ಬಾಗಿಲಿಗೆ ಕೆಂಪು ಬಟ್ಟೆ, ನಮ್ಮ ಮಾತಿನಲ್ಲಿ ಅರಿವಿ, ಕಟ್ಟಬೇಕು, ಇಪ್ಪತ್ತೊಂದು ದಿನ ಬೆಕ್ಕನ್ನು ಹೊರಗೆ ಬಿಡಬಾರದು. ಮೊದಲು ತಿಳಿಸಿದವರಿಗೆ ಮೊದಲು ಔಷಧ. ಆಸ್ಪತ್ರೆಯವರ ಸರದಿ ಎಲ್ಲರಿಗಿಂತ ಕೊನೆಗೆ, ತಮ್ಮವಕ್ಕೇ ಹಾಕಿಕೊಂಡರು ಎಂಬ ಮಾತು ಬರಬಾರದೆಂದು. ಆಸ್ಪತ್ರೆಯವರ ಮನೆಗೇ ಅರಿವಿ ಬಿದ್ದರೆ ಅವರು ಬೇರೆ ಬೆಕ್ಕುಗಳನ್ನು ಮುಟ್ಟುವ ಹಾಗೂ ಇಲ್ಲ.

ಮಂದಿ ಕಟ್ಟಿದರೇ? ಅರಿವಿ ಕಟ್ಟಿದ ಮನೆಯವರಿಗೆ ನಾಳೆ ನಿದ್ದೆ ಇದೆಯೋ ಇಲ್ಲವೋ ಎಂದು ಅವರ ಕೈಯಲ್ಲಿ ಯಾರೂ ಕೆಲಸ ಮಾಡಿಸಿಕೊಳ್ಳುತ್ತಿರಲಿಲ್ಲ. ಕ್ಷೌರಿಕನ ಮುಂದೆ ಕುತ್ತಿಗೆ ಒಡ್ಡುವವರಿಲ್ಲ, ಸೂಲಗಿತ್ತಿಯನ್ನು ಕರೆಯುವವರಿಲ್ಲ. ಅದಕ್ಕೇ ಎಲ್ಲರೂ ಮುಚ್ಚಿಟ್ಟರು. ನಾನು ಓಣಿ ಓಣಿ ತಿರುಗಿ ಒದರಿದೆ. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದ್ರ ಜಗತ್ತಿಗೆ ತಿಳ್ಯಾಂಗಿಲ್ಲೇನ? ನಿಮ್ಮ ಮುಚ್ಚುಮರಿಗೆ ಮಂದಿ ಮನಿ ಬೆಕ್ಕು ಸಾಯಬೇಕೇನ್ರೇ?" ಎಂದು ಒಬ್ಬ ಮುದುಕಿಯನ್ನು ಅವಳ ಮೊಮ್ಮಕ್ಕಳ ಎದುರಿಗೇ ಅಳಿಸಿದೆ. ಅವಳ ಬಾಗಿಲಿಗೆ ನನ್ನ ಕೈಯಾರೆ ಅರಿವಿ ಕಟ್ಟಿದೆ.

ಅದಾದ ಮೂರನೆಯ ದಿನ, ಸೋಮವಾರ ಬೆಳಿಗ್ಗೆ, ಬೂದಿ ಹಾಲು ಬಿಟ್ಟಿತು. ಎತ್ತಿಕೊಂಡೆ. ಇಪ್ಪತ್ತೆರಡು ವರ್ಷ ಬೆಕ್ಕು ಮುಟ್ಟಿದ ಕೈ, ಕಿವಿ ಹಿಡಿಯುತ್ತಲೇ ಗೊತ್ತಾಯಿತು. ಅಯ್ಯೋ ಶಿವನೇ ಎಂದೆ. ಅಷ್ಟೇ, ಮತ್ತೆ ಬಾಯಿ ಬಿಡಲಿಲ್ಲ. ಊರನ್ನೆಲ್ಲ ಬೈದು ಬಂದವಳ ಬಾಗಿಲಿಗೆ ಕೆಂಪು ಅರಿವಿಯೇ? ಆ ಮುದುಕಿ ನೋಡಿದರೆ? ನಾನು ಮನೆ ಹಿಡಿದರೆ ಊರಿನ ಬೆಕ್ಕುಗಳಿಗೆ ಸೂಜಿ ಹಾಕುವವರು ಯಾರು ಎಂದೂ ಅಂದುಕೊಂಡೆ. ಅದು ನೆಪ. ನನಗೆ ಅವಮಾನವಾಗಿತ್ತು, ಹೆದರಿಕೆಯೂ ಆಗಿತ್ತು. ಸರದಿ ಬರುವವರೆಗೆ ಕಾದರೆ ಬೂದಿ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಮಾತು ನನಗಾಗಿಯೇ ಹುಟ್ಟಿರಬೇಕು. ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಪುಸ್ತಕದಲ್ಲಿ 'ಕೆರೆದಂಡೆಯ ಬೀದಿ ಬೆಕ್ಕು' ಎಂದು ಬರೆದೆ, ಔಷಧವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ, ಮಧ್ಯಾಹ್ನ ಅಡುಗೆಮನೆಯಲ್ಲಿ ಬೂದಿಯ ಹೆಗಲಿನ ಚರ್ಮ ಎತ್ತಿ ಸೂಜಿ ಹಾಕಿದೆ. ಈರಣ್ಣನಿಗೂ ಹೇಳಲಿಲ್ಲ. ಬಾಯಿ ಹುಣ್ಣಾಗುವವರೆಗೆ ಬೂದಿ ರಾತ್ರಿ ನಮ್ಮ ತಾಟಿನ ಒಂದೆರಡು ಅಗುಳು ತಿನ್ನುತ್ತಿತ್ತು, ನಿದ್ದೆ ಕೆಡದೆ ಅವನಿಗೆ ಸುಳಿವೂ ಸಿಗಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ದೇವರು ಕ್ಷಮಿಸುತ್ತಿದ್ದನೇನೋ. ಬೂದಿಯನ್ನು ಒಳಗೆ ಕೂಡಿಹಾಕಿದರೆ ಇಂದ್ರಿ ಯಾಕೆ ಎಂದು ಕೇಳುತ್ತಾಳಲ್ಲ? ಅದಕ್ಕೆ ಎಂದಿನಂತೆ ಹಿತ್ತಲಿಗೆ ಬಿಟ್ಟೆ. ಸೋಮವಾರವೂ ಬಿಟ್ಟೆ, ಮಂಗಳವಾರವೂ ಬಿಟ್ಟೆ. ಬೂದಿ ಕಟ್ಟೆಯ ಮೇಲಿನ ಬಟ್ಟಲಿಗೆ ಮೂಗು ಅದ್ದಿ ಸರಿಯಿತು, ಗುಂಡ ಬಂದು ಉಳಿದದ್ದನ್ನು ಕುಡಿಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಕೂಗುವುದೇ ನನ್ನ ಕಸುಬಾಗಿತ್ತು.

ಬೂದಿಗೆ ಔಷಧ ಹಿಡಿಯಿತು. ನಾಲ್ಕನೆಯ ಸೂಜಿಗೆ ಜ್ವರ ಇಳಿಯಿತು. ಐದನೆಯ ಸೂಜಿ ಹಾಕಿದ ದಿನ ಬಾಯಿ ಹುಣ್ಣಾಗಿದ್ದರೂ ನಮ್ಮ ತಾಟಿನಿಂದ ನನ್ನ ಬೆರಳಿಗೆ ಹಚ್ಚಿದ ಗಂಜಿ ನೆಕ್ಕಿತು. ಖುಷಿಯಿಂದ ಕಣ್ಣಲ್ಲಿ ನೀರು ಬಂತು. ಮರುದಿನ ಶನಿವಾರ ಬೆಳಿಗ್ಗೆ ಗೋಡೆಯ ಆಚೆಯಿಂದ ಇಂದ್ರಿ ಕಿರುಚಿದ್ದು ಕೇಳಿಸಿತು. ಓಡಿದೆ. ಗುಂಡ ಅಕ್ಕಿಯ ಡಬ್ಬಿಯ ಹಿಂದೆ ಸೆಟೆದು ಬಿದ್ದಿತ್ತು. "ನಿನ್ನೆತನಾ ಚಂದ ಇತ್ತಲ್ಲೇ ಚಂಪಾ," ಎಂದು ಇಂದ್ರಿ ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ನಾನು ಅವಳ ಬೆನ್ನು ಸವರಿದೆ. ಆ ಹೊತ್ತಿಗೆ ಆಸ್ಪತ್ರೆಯ ಪೆಟ್ಟಿಗೆಯಲ್ಲಿ ಬರ್ಫು ಬಿಟ್ಟರೆ ಏನೂ ಉಳಿದಿರಲಿಲ್ಲ, ಉಳಿದಿದ್ದರೂ ಸತ್ತ ಬೆಕ್ಕಿಗೆ ಏನು ಮಾಡುವುದು?

ದುರ್ಗಪ್ಪ ಮೊದಲ ಎರಡು ದಿನ ನಗುತ್ತಲೇ ಇದ್ದ. "ಇಷ್ಟ ವರ್ಷ ಮಲಗಿದ್ದಕ್ಕ ಬಡ್ಡಿ ಕೊಡಾಕತ್ತೇನಿ," ಎನ್ನುತ್ತಿದ್ದ. ರೋಗದ ಹೆದರಿಕೆಗೆ ಆಗ ಯಾರೂ ಬೆಕ್ಕು ಎರವಲು ಕೊಡುತ್ತಿರಲಿಲ್ಲ. ಇದ್ದದ್ದು ನಮ್ಮ ಬೂದಿ ಒಂದೇ. ನಾನೇ ಎತ್ತಿಕೊಂಡು ಹೋದೆ. ದುರ್ಗಪ್ಪ ಅನ್ನ ಸಾರು ಉಂಡು ತುತ್ತು ಬಿಟ್ಟು ತಾಟು ಸರಿಸಿದ. ಬೂದಿ ಮೂಸಿ ನೋಡಿ ಹಿಂದೆ ಸರಿಯಿತು. ಬಾಯಿಯ ಹುಣ್ಣು ಮಾಯ್ದಿರಲಿಲ್ಲ, ನನ್ನ ಬೆರಳಿನ ನಮ್ಮ ಮನೆಯ ಗಂಜಿ ಬಿಟ್ಟು ಬೇರೆ ಯಾವುದಕ್ಕೂ ನಾಲಿಗೆ ಹಚ್ಚುತ್ತಿರಲಿಲ್ಲ, ಅವನ ತಾಟಿನ ಅನ್ನವನ್ನು ಬೆರಳಿಗೆ ಹಚ್ಚಿ ಹಿಡಿದರೂ ಮುಖ ತಿರುಗಿಸಿತು. ಮರುದಿನ ಇಂದ್ರಿ ಮೀನು ಬೇಯಿಸಿ ಮುಳ್ಳು ತೆಗೆದು ತಾಟಿಗೆ ಹಾಕಿದಳು. ಆಮೇಲೆ ಕೆನೆಮೊಸರು. ಆಮೇಲೆ ಹಸಿ ಮೊಟ್ಟೆ. ದುರ್ಗಪ್ಪ ನೆಲದ ಮೇಲೆ ಮೊಣಕಾಲೂರಿ ಕೂತು, "ತಿನ್ನವ್ವಾ, ನನ್ನವ್ವಾ, ಒಂದಗಳರ ತಿನ್ನ," ಎಂದು ಬೆಕ್ಕಿಗೆ ಕೈ ಮುಗಿದ. ಅಷ್ಟು ದೊಡ್ಡ ಆಳು ಬೆಕ್ಕಿಗೆ ಕೈ ಮುಗಿಯುವುದನ್ನು ನನ್ನಿಂದ ನೋಡಲಾಗಲಿಲ್ಲ. ತಡೆಯದೆ ಬೂದಿಯ ಕುತ್ತಿಗೆ ಹಿಡಿದು ಅದರ ಬಾಯಿಗೆ ಅನ್ನ ತುರುಕಿದೆ. ಅದು ಕಕ್ಕಿತು.

ಡಾಕ್ಟರು ಬಂದು ನಿದ್ದೆಯ ಗುಳಿಗೆ ಕೊಟ್ಟರು. ಕೈಕಾಲು ಜೋಲು ಬಿದ್ದವು, ಕಣ್ಣು ಮುಚ್ಚಲಿಲ್ಲ. ನಾಲ್ಕನೆಯ ದಿನದಿಂದ ದುರ್ಗಪ್ಪ ಇಂದ್ರಿಯನ್ನು ಅವ್ವಾ ಎಂದು ಕರೆಯತೊಡಗಿದ. ಇಂದ್ರಿಗೂ ನಿದ್ದೆ ಇಲ್ಲ, ಆದರೂ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ದೋಣಿಗೆ ಹೋಗಬೇಡ ಎಂದು ನಾವೆಲ್ಲ ಹೇಳಿದೆವು. ಈರಣ್ಣ ಭಟ್ಟಿ ಬಿಟ್ಟು ಬಂದು ಎರಡು ದಿನ ಅವನ ಜೊತೆಯಲ್ಲೇ ಕೂತ. ಏಳನೆಯ ದಿನ ನಡುಮಧ್ಯಾಹ್ನ, ಈರಣ್ಣ ನೀರು ಕುಡಿಯಲು ಒಳಗೆ ಹೋದಾಗ, ಇಂದ್ರಿ ಗೋಡೆಗೆ ಒರಗಿ ಕಣ್ಣು ಬಿಟ್ಟುಕೊಂಡೇ ಮೈಮರೆತಿದ್ದಾಗ, ದುರ್ಗಪ್ಪ ಎದ್ದು ಹೊಳೆಗೆ ಹೋದ.

ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಆಚೆ ದಡದಲ್ಲಿ ಕಾಯುತ್ತಿದ್ದ ಇಬ್ಬರು ಹೆಂಗಸರು ನೋಡಿದರಂತೆ. ಖಾಲಿ ದೋಣಿಯನ್ನು ನಡುಹೊಳೆಯವರೆಗೆ ಚೆನ್ನಾಗಿಯೇ ತಂದನಂತೆ. ಅಲ್ಲಿ ಹುಟ್ಟನ್ನು ಒಳಗಿಟ್ಟು, ಹೆಗಲ ಮೇಲಿನ ಟವೆಲ್ಲು ತೆಗೆದು ಝಾಡಿಸಿ, ನೀರಿನ ಮೇಲೆ ಹಾಸಿ, ಅದರ ಮೇಲೆ ಮಲಗಿದನಂತೆ. ಬಿದ್ದದ್ದಲ್ಲ ಯವ್ವಾ, ಮಲಗಿದ, ಮನೆಯಲ್ಲಿ ಮಲಗಿದ ಹಾಗೆ ಮಗ್ಗುಲಾಗಿ ಮಲಗಿದ ಎಂದು ಆ ಹೆಂಗಸರು ಅಳುತ್ತಾ ಹೇಳಿದರು. ಈಜುವುದನ್ನು ಊರಿನ ಹುಡುಗರಿಗೆಲ್ಲ ಕಲಿಸಿದವನು ಅವನೇ.

ಮಣ್ಣು ಕೊಟ್ಟು ಬಂದ ಸಂಜೆ ಯಾರೋ ಇಂದ್ರಿಯ ಮುಂದೆ ತಾಟು ಇಟ್ಟು ಎರಡು ತುತ್ತು ತಿನ್ನಿಸಿದರು. ಉಳಿದ ಅನ್ನದ ತಾಟು ಹಾಗೇ ಕಟ್ಟೆಯ ಮೇಲಿತ್ತು. ಬೂದಿ ಬಂತು. ಯಾರೂ ಕರೆದಿರಲಿಲ್ಲ. ಮೂಸಿತು, ನೆಕ್ಕಿತು, ತಾಟು ಬಳಿದು ತಿಂದಿತು. ಅದರ ಬಾಯಿ ಅವತ್ತು ಮಾಯ್ದಿತ್ತು. ಇಂದ್ರಿ ಅಲ್ಲೇ, ಕಟ್ಟೆಯ ಮೇಲೆಯೇ ಒರಗಿ ನಿದ್ದೆ ಹೋದಳು. ಎರಡು ದಿನ ಏಳಲಿಲ್ಲ. ಗಂಡ ಸತ್ತವಳು ಅಳುವುದು ಬಿಟ್ಟು ಮಲಗಿದಳಲ್ಲ ಎಂದು ಬಂದವರು ಪಿಸುಗುಟ್ಟಿದರು. ಅವರನ್ನೆಲ್ಲ ಬೈದು ಓಡಿಸಿ ನಾನು ಅವಳ ತಲೆದೆಸೆಗೆ ಕೂತೆ. ಇನ್ನೂ ಒಂದು ವಾರ ಮೊದಲು ಆ ನಾಲಿಗೆ ಆ ತಾಟಿಗೆ ತಾಗಿದ್ದರೆ ಎಂದು ಯೋಚಿಸುತ್ತಾ ಕೂತೆ.

ಹನ್ನೊಂದನೆಯ ದಿನ ಕಳೆದ ಮೇಲೆ ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಇಂದ್ರಿ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಹೋಗಿ ಅವಳ ಕಾಲ ಹತ್ತಿರ ಕೂತೆ.

"ಇಂದ್ರೀ, ನಮ್ಮ ಬೂದಿಗೆ ಜ್ವರ ಬಂದಿತ್ತು. ಗುಂಡ ಸಾಯೂ ಮುಂಚೆ. ನಾ ಮುಚ್ಚಿಟ್ಟೆ. ಕದ್ದು ಸೂಜಿ ಹಾಕಿದೆ. ಬಟ್ಟಲ ಬ್ಯಾರೆ ಮಾಡಲಿಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. "ಗೊತ್ತೈತಿ," ಎಂದಳು. "ಮಂಗಳವಾರ ಕಿಡಕ್ಯಾಗಿಂದ ನೋಡಿದ್ದೆ, ನೀ ಸೂಜಿ ಹಾಕೂದು."

"ಮತ್ತ ಕೇಳಲಿಲ್ಲಲ್ಲ?"

"ಹ್ಯಾಂಗ ಕೇಳಲೇ? ಬುಧವಾರ ಮುಂಜಾನೆ ಗುಂಡನೂ ಹಾಲು ಮುಟ್ಟಲಿಲ್ಲ. ನಿನ್ನ ಕೇಳಿದ್ರ ನಂದೂ ಹೇಳಬೇಕಾಗತಿತ್ತು. ಹೇಳಿದ್ರ ಅರಿವಿ ಕಟ್ಟಬೇಕು. ಅರಿವಿ ಕಟ್ಟಿದ ಮನಿಯಾಂವನ ದೋಣ್ಯಾಗ ಯಾರ ಕುಂದರತಾರ? ಅವಂಗ ದೋಣಿ ಅಂದ್ರ ಜೀವ. ಒಂದೆರಡು ದಿನದಾಗ ಆರಾಮ ಆದೀತು ಅಂತ ಡಬ್ಬಿ ಹಿಂದ ಮುಚ್ಚಿಟ್ಟೆ. ಶುಕ್ರವಾರತನಾ ತಾಟಿನ ಒಂದೊಂದಗಳ ಹ್ಯಾಂಗೋ ತಿಂತಿತ್ತು, ಅವಗ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ." ಅಷ್ಟು ಹೇಳಿ ಅವಳು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಚಂಪಾ, ಖರೇ ಹೇಳ. ಬುಧವಾರ ನಾ ಬಂದು ಹೇಳಿದ್ದರ, ಗುಂಡ ಉಳೀತಿತ್ತೇನ? ಇಂವಾ ಉಳೀತಿದ್ದನೇನ?"

ಅವಳ ಮುಖ ನೋಡಿದೆ. ಇಪ್ಪತ್ತಾರು ವರ್ಷ ನೋಡಿದ ಮುಖ. ಹನ್ನೊಂದು ದಿನದಿಂದ ಅವಳು ಇದೊಂದನ್ನೇ ಕೇಳಿಕೊಳ್ಳುತ್ತಿದ್ದಾಳೆ, ಸಾಯುವವರೆಗೂ ಕೇಳಿಕೊಳ್ಳುತ್ತಾಳೆ ಎಂದು ತಿಳಿಯಿತು.

"ಇಲ್ಲಬೇ," ಎಂದೆ. "ನೀ ಬಂದು ಹೇಳಿದ್ರೂ ಏನೂ ಆಗತಿರಲಿಲ್ಲ. ಔಷಧ ಸೋಮವಾರನ ಮುಗಿದಿತ್ತು. ಬೂದಿಗೆ ಅಂತ ಐದೂ ದಿನದ್ದು ಅವತ್ತ ತಂದಿದ್ದೆ, ಅದ ಕಡೀದು."

"ಕಡೀದು?"

"ಹೂಂ. ಕಡೀದನ್ನ ನಾ ತಗೊಂಡೆ."

ಇಂದ್ರಿ ನನ್ನ ಕಡೆ ತಿರುಗಿದಳು. ಅವಳ ಮುಖಕ್ಕೆ ರಕ್ತ ಬಂತು. "ಹಂಗಾದ್ರ ನೀನ ಕೊಂದಿ," ಎಂದಳು.

"ಹೌದವ್ವಾ," ಎಂದೆ.

"ಏಳ ಇಲ್ಲಿಂದ. ಇನ್ನ ಮ್ಯಾಲ ನನ್ನ ಕಣ್ಣಿಗೆ ಬೀಳಬ್ಯಾಡ. ನಿನ್ನ ಬಾಯಾಗ ಹುಳಾ ಬೀಳ್ಲಿ." ಇನ್ನೂ ಏನೇನೋ ಅಂದಳು, ಓಣಿಯ ಜನ ಹೊರಗೆ ಬಂದು ನಿಲ್ಲುವಷ್ಟು ಜೋರಾಗಿ ಅಂದಳು. ಗಂಡ ಹೋದಾಗಿನಿಂದ ಅವಳ ಗಂಟಲಿನಿಂದ ಅಷ್ಟು ಜೋರು ದನಿ ಬಂದಿರಲಿಲ್ಲ. ನಾನು ತಲೆ ತಗ್ಗಿಸಿಕೊಂಡು ಎದ್ದು ಬಂದೆ. ಮರುದಿನ ಡಾಕ್ಟರ ಮುಂದೆಯೂ ಎಲ್ಲ ಒಪ್ಪಿಕೊಂಡು ಬೀಗದ ಕೈ ಕೊಟ್ಟೆ. ಈಗ ನಾನು ಮತ್ತೆ ಕಸ ಹೊಡೆಯುತ್ತೇನೆ.

ಇದಾಗಿ ಮೂರು ವರ್ಷವಾಯಿತು. ಇಂದ್ರಿ ಕಟ್ಟೆಯ ನಡುವೆ ಗೋಡೆ ಕಟ್ಟಿಸಿದ್ದಾಳೆ. ಹೊಸ ಬೆಕ್ಕು ಸಾಕಿದ್ದಾಳೆ, ಉಂಡು ಮಲಗುತ್ತಾಳೆ, ಮೈ ಕೈ ತುಂಬಿಕೊಂಡಿದ್ದಾಳೆ ಎಂದು ಈರಣ್ಣ ಹೇಳುತ್ತಾನೆ. ದಾರಿಯಲ್ಲಿ ಎದುರಾದರೆ ನನ್ನನ್ನು ಕಂಡು ಉಗುಳಿ ಹೋಗುತ್ತಾಳೆ.

ಆ ಬುಧವಾರ ಪೆಟ್ಟಿಗೆಯಲ್ಲಿ ಔಷಧ ಇತ್ತು. ಇನ್ನೊಂದು ಬೆಕ್ಕಿಗೆ ಐದು ದಿನಕ್ಕೆ ಸಾಲುವಷ್ಟು ಇತ್ತು. ಗುರುವಾರ ಮಧ್ಯಾಹ್ನದವರೆಗೂ ಇತ್ತು.